ಅಪ್ಪನಿಗೆ ಪ್ರಾಸ್ಟೇಟ್ ಕ್ಯಾನ್ಸರ್: ನಾನು ಏನು ತಿನ್ನಬೇಕು, ಏನು ಬಿಡಬೇಕು?

ಪ್ರಶ್ನೆ: ನನಗೆ 49 ವರ್ಷ. ಎತ್ತರ 170 ಸೆಂಟಿಮೀಟರ್, ತೂಕ 91 ಕೆಜಿ. ಎರಡು ವರ್ಷದ ಹಿಂದೆ, ಅಪ್ಪನ 74ನೇ ವಯಸ್ಸಿನಲ್ಲಿ, ಅವರಿಗೆ ಪ್ರಾಸ್ಟೇಟ್ ಕ್ಯಾನ್ಸರ್ ಇರುವುದು ಗೊತ್ತಾಯಿತು. ಈಗ ಹಾರ್ಮೋನ್ ಇಂಜೆಕ್ಷನ್ ನಡೆಯುತ್ತಿದೆ. ಹಾಲಿನಿಂದ ಈ ಕ್ಯಾನ್ಸರ್ ಬರುತ್ತದೆ ಅಂತ ಓದಿ ಮನೆಯಲ್ಲಿ ಎಲ್ಲರೂ ಹಾಲು, ಮೊಸರು ಬಿಟ್ಟಿದ್ದೇವೆ, ಅಪ್ಪನಿಗೂ ಕೊಡುತ್ತಿಲ್ಲ. ಸಕ್ಕರೆಯೂ ಬಂದ್. ನಾನು ದಿನಾ ಟೊಮೆಟೊ ಜ್ಯೂಸ್ ಕುಡಿಯುತ್ತೇನೆ. ಸ್ನೇಹಿತರು ಹೇಳಿದರು ಅಂತ ಸೆಲೆನಿಯಂ ಮತ್ತು ವಿಟಮಿನ್ ಇ ಮಾತ್ರೆ ಶುರು ಮಾಡಿದ್ದೇನೆ. ನನಗೂ ಬರದ ಹಾಗೆ ಊಟದಲ್ಲಿ ಇನ್ನೇನು ಬದಲಾಯಿಸಬೇಕು?

ಉತ್ತರ: ಮೊದಲು ಆ ಎರಡು ಮಾತ್ರೆಗಳನ್ನು ನಿಲ್ಲಿಸಿ. ಇವತ್ತಿನಿಂದಲೇ. ಹಾಲು, ಟೊಮೆಟೊ ವಿಷಯ ನಿಧಾನವಾಗಿ ನೋಡೋಣ, ಅದಕ್ಕೆ ಅವಸರವಿಲ್ಲ. ಮಾತ್ರೆಗಳ ವಿಷಯದಲ್ಲಿ ಮಾತ್ರ ಅವಸರ ಇದೆ.

ಈ ಮಾತ್ರೆಗಳ ಮೇಲೆ ಜನರಿಗೆ ನಂಬಿಕೆ ಸುಮ್ನೆ ಬಂದದ್ದಲ್ಲ. 1990ರ ದಶಕದಲ್ಲಿ ಎರಡು ಅಧ್ಯಯನಗಳು ದೊಡ್ಡ ಆಸೆ ಹುಟ್ಟಿಸಿದ್ದವು. ಒಂದು ಫಿನ್‌ಲ್ಯಾಂಡಿನದು. ಸಿಗರೇಟು ಸೇದುವ 29,133 ಗಂಡಸರಿಗೆ ವಿಟಮಿನ್ ಇ, ಬೀಟಾ ಕ್ಯಾರೊಟಿನ್ ಕೊಟ್ಟು ಶ್ವಾಸಕೋಶದ ಕ್ಯಾನ್ಸರ್ ಕಮ್ಮಿಯಾಗುತ್ತದಾ ಅಂತ ನೋಡಿದರು. ಕಮ್ಮಿಯಾಗಲಿಲ್ಲ. ಬೀಟಾ ಕ್ಯಾರೊಟಿನ್ ತೆಗೆದುಕೊಂಡವರಲ್ಲಿ ಜಾಸ್ತಿಯೇ ಆಯಿತು. ಆದರೆ ಲೆಕ್ಕ ಹಾಕುವಾಗ ಇನ್ನೊಂದು ಸಂಗತಿ ಕಣ್ಣಿಗೆ ಬಿತ್ತು. ವಿಟಮಿನ್ ಇ ತೆಗೆದುಕೊಂಡವರಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ ಸುಮಾರು ಮೂರನೇ ಒಂದು ಭಾಗ ಕಮ್ಮಿ ಇತ್ತು. ಎರಡನೆಯದು ಅಮೆರಿಕದ್ದು. ಅಲ್ಲಿ ಚರ್ಮದ ಕ್ಯಾನ್ಸರ್ ತಡೆಯಲು ಸೆಲೆನಿಯಂ ಕೊಟ್ಟಿದ್ದರು. ಚರ್ಮಕ್ಕೆ ಏನೂ ಉಪಯೋಗವಾಗಲಿಲ್ಲ. 1996ರಲ್ಲಿ ಫಲಿತಾಂಶ ಬಂದಾಗ ಮಾತ್ರ ಪ್ರಾಸ್ಟೇಟ್ ಕ್ಯಾನ್ಸರ್ ಅರ್ಧಕ್ಕಿಂತ ಕೆಳಗೆ ಇಳಿದಿತ್ತು.

ಎರಡೂ ಕಡೆ ಹುಡುಕುತ್ತಿದ್ದದ್ದು ಬೇರೆ, ಸಿಕ್ಕಿದ್ದು ಬೇರೆ. ಹಾಗಾಗಿ ಇದನ್ನೇ ನೇರವಾಗಿ ಪರೀಕ್ಷೆ ಮಾಡೋಣ ಅಂತ 2001ರಲ್ಲಿ ಸೆಲೆಕ್ಟ್ ಎಂಬ ಪ್ರಯೋಗ ಶುರುವಾಯಿತು. ಅಮೆರಿಕ, ಕೆನಡಾ, ಪೋರ್ಟೊ ರಿಕೊದ 35 ಸಾವಿರಕ್ಕೂ ಹೆಚ್ಚು ಗಂಡಸರು ಸೇರಿದರು. ಕೆಲವರಿಗೆ ವಿಟಮಿನ್ ಇ, ಕೆಲವರಿಗೆ ಸೆಲೆನಿಯಂ, ಕೆಲವರಿಗೆ ಎರಡೂ, ಕೆಲವರಿಗೆ ಔಷಧಿಯೇ ಇಲ್ಲದ ಹುಸಿ ಮಾತ್ರೆ. ಯಾರಿಗೆ ಯಾವುದು ಅಂತ ಅವರಿಗೂ ಗೊತ್ತಿಲ್ಲ, ಕೊಡುವ ಡಾಕ್ಟರಿಗೂ ಗೊತ್ತಿಲ್ಲ. 2008ರಲ್ಲಿ ಲಾಭವೇ ಕಾಣುತ್ತಿಲ್ಲ ಅಂತ ಮಾತ್ರೆ ನಿಲ್ಲಿಸಿದರು, ಆದರೆ ಜನರನ್ನು ಗಮನಿಸುವುದನ್ನು ಬಿಡಲಿಲ್ಲ. 2011ರಲ್ಲಿ ಬಂದ ಲೆಕ್ಕ ಹೀಗಿತ್ತು: ವಿಟಮಿನ್ ಇ ಒಂದನ್ನೇ ತೆಗೆದುಕೊಂಡವರಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ 17 ಶೇಕಡಾ ಜಾಸ್ತಿ. ಅಂದರೆ ಏಳು ವರ್ಷದಲ್ಲಿ ಹುಸಿ ಮಾತ್ರೆ ತಿಂದ ಸಾವಿರ ಜನರಲ್ಲಿ 65 ಜನಕ್ಕೆ ಬಂದರೆ, ವಿಟಮಿನ್ ಇ ತಿಂದ ಸಾವಿರ ಜನರಲ್ಲಿ 76 ಜನಕ್ಕೆ ಬಂತು. ಆ ಪ್ರಮಾಣ ದಿನಕ್ಕೆ 400 ಯೂನಿಟ್. ಅಂಗಡಿಯಲ್ಲಿ ಸಿಗುವ ಎಷ್ಟೋ ಕ್ಯಾಪ್ಸೂಲ್‌ಗಳಲ್ಲಿ ಇರುವುದೂ ಅದೇ. ನಿಮ್ಮ ಡಬ್ಬಿಯ ಮೇಲೆ ಒಮ್ಮೆ ನೋಡಿ.

ಸೆಲೆನಿಯಂ ಕಥೆಯೂ ಹಾಗೇ. 2014ರಲ್ಲಿ ಅದೇ ಪ್ರಯೋಗದ ಇನ್ನೊಂದು ವಿಶ್ಲೇಷಣೆ ಬಂತು. ಮೊದಲೇ ದೇಹದಲ್ಲಿ ಸಾಕಷ್ಟು ಸೆಲೆನಿಯಂ ಇದ್ದವರಿಗೆ ಮೇಲಿಂದ ಮಾತ್ರೆ ಕೊಟ್ಟಾಗ, ಬೇಗ ಹರಡುವ ಕೆಟ್ಟ ಜಾತಿಯ ಪ್ರಾಸ್ಟೇಟ್ ಕ್ಯಾನ್ಸರ್ ಹೆಚ್ಚುಕಮ್ಮಿ ಎರಡು ಪಟ್ಟಾಗಿತ್ತು. ಕೊರತೆ ಇದೆಯಾ ಅಂತ ನೋಡದೆ ತುಂಬಿಸುವುದು ಒಳ್ಳೆಯದಲ್ಲ ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ?

ಒಬ್ಬ ರೋಗಿ ನನಗೆ ಯಾವಾಗಲೂ ನೆನಪಾಗುತ್ತಾರೆ. ಬಟ್ಟೆಯ ಚೀಲದಿಂದ ಒಂದೊಂದೇ ಡಬ್ಬಿ ತೆಗೆದು ನನ್ನ ಮೇಜಿನ ಮೇಲೆ ಸಾಲಾಗಿ ಇಟ್ಟರು. ಒಂಬತ್ತು ಡಬ್ಬಿ. ಅಣ್ಣನಿಗೆ ಕ್ಯಾನ್ಸರ್ ಬಂದ ಮೇಲೆ ಶುರು ಮಾಡಿದ್ದು. ಯಾವುದನ್ನು ಬೆಳಿಗ್ಗೆ, ಯಾವುದನ್ನು ರಾತ್ರಿ ಅಂತ ಮುಚ್ಚಳದ ಮೇಲೆ ಪೆನ್ನಿನಲ್ಲಿ ಗುರುತು ಹಾಕಿದ್ದರು. ಇಬ್ಬರೂ ಕೂತು ಲೇಬಲ್ ಓದಿದೆವು. ನಾಲ್ಕು ಡಬ್ಬಿಗಳಲ್ಲಿ ಜಿಂಕ್ ಇತ್ತು. ಎಲ್ಲ ಕೂಡಿಸಿದರೆ ದಿನಕ್ಕೆ 100 ಮಿಲಿಗ್ರಾಂ ದಾಟುತ್ತಿತ್ತು. ಒಬ್ಬ ಗಂಡಸಿಗೆ ದಿನಕ್ಕೆ ಬೇಕಾಗುವ ಜಿಂಕ್ ಇಪ್ಪತ್ತು ಮಿಲಿಗ್ರಾಂ ಕೂಡ ಇಲ್ಲ. ಅಮೆರಿಕದಲ್ಲಿ ಸುಮಾರು 47 ಸಾವಿರ ಗಂಡಸರನ್ನು ಗಮನಿಸಿದ ಒಂದು ಅಧ್ಯಯನದಲ್ಲಿ, ದಿನಕ್ಕೆ 100 ಮಿಲಿಗ್ರಾಂಗಿಂತ ಜಾಸ್ತಿ ಜಿಂಕ್ ಮಾತ್ರೆ ತೆಗೆದುಕೊಂಡವರಲ್ಲಿ ಮುಂದುವರಿದ ಹಂತದ ಪ್ರಾಸ್ಟೇಟ್ ಕ್ಯಾನ್ಸರ್ ಎರಡು ಪಟ್ಟಿಗಿಂತ ಹೆಚ್ಚು ಕಂಡಿತ್ತು. ಭಯಕ್ಕೆ ತಿಂದ ಮಾತ್ರೆಯೇ ಭಯಪಡಬೇಕಾದ ಜಾಗಕ್ಕೆ ಕರೆದುಕೊಂಡು ಹೋಗುವುದು ನನಗೆ ತುಂಬಾ ಬೇಸರದ ವಿಷಯ.

ಈಗ ನಿಮ್ಮ ಮುಖ್ಯ ಪ್ರಶ್ನೆಗೆ ಬರೋಣ. ಬರದ ಹಾಗೆ ಏನು ತಿನ್ನಬೇಕು ಅಂತ ಕೇಳಿದ್ದೀರಿ. ಈ ಕ್ಯಾನ್ಸರಿನಲ್ಲಿ 'ಬರುವುದು' ಬೇರೆ, 'ಜೀವಕ್ಕೆ ಅಪಾಯವಾಗುವುದು' ಬೇರೆ. ಊಟದ ವಿಷಯ ಅರ್ಥವಾಗಬೇಕಾದರೆ ಮೊದಲು ಇದು ಅರ್ಥವಾಗಬೇಕು.

ಪ್ರಾಸ್ಟೇಟ್ ಅಂದರೆ ಮೂತ್ರಕೋಶದ ಕೆಳಗೆ, ಮೂತ್ರನಾಳದ ಸುತ್ತ ಇರುವ, ಅಕ್ರೋಟು ಗಾತ್ರದ ಗ್ರಂಥಿ. ವೀರ್ಯದ ದ್ರವದಲ್ಲಿ ಒಂದು ಪಾಲು ಇದರದು. ಇದರಲ್ಲಿ ಹುಟ್ಟುವ ಕ್ಯಾನ್ಸರ್ ಎಷ್ಟೋ ಜನರಲ್ಲಿ ತುಂಬಾ ನಿಧಾನ. ಬೇರೆ ಕಾರಣಕ್ಕೆ ತೀರಿಕೊಂಡ ವಯಸ್ಸಾದವರ ಮರಣೋತ್ತರ ಪರೀಕ್ಷೆ ಮಾಡಿದಾಗ, ಬದುಕಿದ್ದಾಗ ಗೊತ್ತೇ ಆಗದ ಸಣ್ಣ ಪ್ರಾಸ್ಟೇಟ್ ಕ್ಯಾನ್ಸರ್ ಅನೇಕರಲ್ಲಿ ಸಿಗುತ್ತದೆ. ಅದರ ಜೊತೆಗೇ ಬಾಳಿ, ಅದರಿಂದ ಒಂದು ದಿನವೂ ನರಳದೆ ಹೋದವರು ಅವರು. ಇನ್ನು ಕೆಲವರಲ್ಲಿ ಅದೇ ಕ್ಯಾನ್ಸರ್ ಗ್ರಂಥಿ ದಾಟಿ ಮೂಳೆಗೆ ಹೋಗುತ್ತದೆ. ನಾವು ಹೆದರಬೇಕಾದದ್ದು ಈ ಎರಡನೆಯದಕ್ಕೆ.

ಊಟದ ಬಗ್ಗೆ ನೀವು ಓದುವ ಸುದ್ದಿಗಳು ಒಂದು ತಿಂಗಳು ಹಾಗೆ, ಇನ್ನೊಂದು ತಿಂಗಳು ಹೀಗೆ ಇರುವುದಕ್ಕೆ ಇದೂ ಒಂದು ಕಾರಣ. ಪ್ರಾಸ್ಟೇಟ್ ಗ್ರಂಥಿಯಿಂದ ರಕ್ತಕ್ಕೆ ಬರುವ ಪಿಎಸ್‌ಎ ಎಂಬ ಪ್ರೋಟೀನ್ ಎಷ್ಟಿದೆ ಅಂತ ನೋಡುವ ರಕ್ತ ಪರೀಕ್ಷೆ ಇದೆ, ಆರೋಗ್ಯದ ಬಗ್ಗೆ ಕಾಳಜಿ ಇರುವವರು ಅದನ್ನು ಜಾಸ್ತಿ ಮಾಡಿಸುತ್ತಾರೆ. ಪರೀಕ್ಷೆ ಜಾಸ್ತಿಯಾದರೆ ನಿರುಪದ್ರವಿ ಕ್ಯಾನ್ಸರ್‌ಗಳೂ ಜಾಸ್ತಿ ಸಿಗುತ್ತವೆ. ಆಗ ತರಕಾರಿ ಚೆನ್ನಾಗಿ ತಿನ್ನುವವರಲ್ಲೇ ಕ್ಯಾನ್ಸರ್ ಹೆಚ್ಚು ಅನ್ನುವ ಹಾಗೆ ಕಾಣಬಹುದು. ನಿಜಕ್ಕೂ ಹೆಚ್ಚಿರುವುದು ಪರೀಕ್ಷೆ, ಕಾಯಿಲೆ ಅಲ್ಲ. ಹಾಗಾಗಿ ನಾನು ಯಾವ ಅಧ್ಯಯನ ಓದಿದರೂ ಮೊದಲು ನೋಡುವುದು ಅದು ಎಂಥ ಕ್ಯಾನ್ಸರಿನ ಲೆಕ್ಕ ಅಂತ. ಹರಡಿದ್ದು, ಜೀವ ತೆಗೆದದ್ದು ಅಂತ ಬೇರೆ ಮಾಡಿ ಹೇಳದಿದ್ದರೆ ಅದರಿಂದ ನಿಮಗೆ ಸಲಹೆ ಕೊಡಲು ನನಗೆ ಧೈರ್ಯ ಬರುವುದಿಲ್ಲ.

ನಿಮ್ಮಂಥವರಿಗೆ ತುಂಬಾ ಹತ್ತಿರವಾದ ಒಂದು ಅಧ್ಯಯನ 2022ರಲ್ಲಿ ಬಂತು. ಅಮೆರಿಕದ ಸುಮಾರು 12 ಸಾವಿರ ಗಂಡಸರ ಜೀನ್ ಪರೀಕ್ಷೆ ಮಾಡಿ, ಹುಟ್ಟಿನಿಂದಲೇ ಯಾರಿಗೆ ಅಪಾಯ ಹೆಚ್ಚು ಅಂತ ಗುರುತಿಸಿದರು. ಆಮೇಲೆ ಅವರ ಜೀವನಶೈಲಿಗೆ ಅಂಕ ಕೊಟ್ಟರು. ತೂಕ ಹತೋಟಿಯಲ್ಲಿದೆಯಾ, ಬೆವರು ಬರುವಷ್ಟು ವ್ಯಾಯಾಮ ಇದೆಯಾ, ಸಿಗರೇಟು ಇಲ್ಲವಾ, ಮೀನು ಮತ್ತು ಟೊಮೆಟೊ ತಿನ್ನುತ್ತಾರಾ, ಸಂಸ್ಕರಿಸಿದ ಮಾಂಸ ಕಮ್ಮಿಯಾ, ಇಷ್ಟೇ. ಜೀನಿನ ಅಪಾಯ ಹೆಚ್ಚಿದ್ದವರ ಗುಂಪಿನಲ್ಲಿ, ಒಳ್ಳೆಯ ಜೀವನಶೈಲಿ ಇದ್ದರೂ ಕ್ಯಾನ್ಸರ್ ಬರುವ ಸಾಧ್ಯತೆ ಕಮ್ಮಿಯಾಗಲಿಲ್ಲ. ಆದರೆ ಅದು ಪ್ರಾಣಕ್ಕೆ ಕುತ್ತಾಗುವ ಸಾಧ್ಯತೆ ಹೆಚ್ಚುಕಮ್ಮಿ ಅರ್ಧಕ್ಕೆ ಇಳಿಯಿತು. ಜೀವನಶೈಲಿ ಕೆಟ್ಟಿದ್ದವರಲ್ಲಿ ನೂರಕ್ಕೆ ಐವರಿಗೆ ಜೀವಕ್ಕೆ ಅಪಾಯಕಾರಿ ರೂಪ ಬಂದರೆ, ಚೆನ್ನಾಗಿದ್ದವರಲ್ಲಿ ನೂರಕ್ಕೆ ಇಬ್ಬರಿಗೂ ಬರಲಿಲ್ಲ. ಇದು ಗಮನಿಸಿ ನೋಡಿದ ಅಧ್ಯಯನ, ಮಾತ್ರೆ ಕೊಟ್ಟು ಪರೀಕ್ಷಿಸಿದಂಥದ್ದಲ್ಲ. ಚೆನ್ನಾಗಿ ಬದುಕುವವರಲ್ಲಿ ಬೇರೆ ಒಳ್ಳೆಯ ಅಂಶಗಳೂ ಇರಬಹುದು. ಆದರೂ ಅಪ್ಪನಿಂದ ಬಂದ ಜೀನನ್ನು ನೀವು ಬದಲಾಯಿಸಲು ಆಗುವುದಿಲ್ಲ, ಅದು ಯಾವ ದಾರಿ ಹಿಡಿಯುತ್ತದೆ ಅನ್ನುವುದರಲ್ಲಿ ನಿಮ್ಮ ಕೈಯೂ ಇದೆ ಅನ್ನುವುದು ನನಗೆ ದೊಡ್ಡ ಸಮಾಧಾನ.

ಹಾಗಾದರೆ ಊಟದಲ್ಲಿ ಎಲ್ಲಕ್ಕಿಂತ ಮುಖ್ಯ ಯಾವುದು? ಯಾವುದೋ ಒಂದು ಪದಾರ್ಥದ ಹೆಸರು ಹೇಳುತ್ತೇನೆ ಅಂತ ನೀವು ಕಾದಿರಬಹುದು. ನನ್ನ ಉತ್ತರ ನಿಮ್ಮ 91 ಕೆಜಿ.

ನೀವು ಕೊಟ್ಟ ಎತ್ತರಕ್ಕೆ ಈ ತೂಕ ಅಂದರೆ ಬಿಎಂಐ (ಎತ್ತರಕ್ಕೆ ತಕ್ಕ ತೂಕ ಇದೆಯಾ ಅಂತ ನೋಡುವ ಅಳತೆ) 31ರ ಮೇಲೆ, ಅಂದರೆ ಬೊಜ್ಜಿನ ಸಾಲಿಗೆ ಬರುತ್ತದೆ. ಆಹಾರ ಮತ್ತು ಕ್ಯಾನ್ಸರ್ ಸಂಬಂಧವನ್ನು ಜಗತ್ತಿನ ಮಟ್ಟದಲ್ಲಿ ಒಟ್ಟುಗೂಡಿಸಿ ನೋಡುವ ವರ್ಲ್ಡ್ ಕ್ಯಾನ್ಸರ್ ರಿಸರ್ಚ್ ಫಂಡ್ 2014ರಲ್ಲಿ ಪ್ರಾಸ್ಟೇಟ್ ಬಗ್ಗೆ ವರದಿ ಕೊಟ್ಟಿತು. ಅದರಲ್ಲಿ ಹಾಲು, ಟೊಮೆಟೊ, ಸೋಯಾ ಯಾವುದಕ್ಕೂ ಗಟ್ಟಿ ಸಾಕ್ಷಿ ಸಿಗಲಿಲ್ಲ. ಗಟ್ಟಿಯಾಗಿ ನಿಂತದ್ದು ದೇಹದ ಕೊಬ್ಬು. ಬಿಎಂಐ ಐದು ಅಂಕ ಏರಿದ ಹಾಗೆ ಮುಂದುವರಿದ ಹಂತದ ಕ್ಯಾನ್ಸರಿನ ಅಪಾಯ ಸುಮಾರು 8 ಶೇಕಡಾ ಏರುತ್ತದೆ. ಅದೇ ವರದಿಯಲ್ಲಿ ಎತ್ತರದ ಹೆಸರೂ ಇದೆ. ಎತ್ತರ ಜಾಸ್ತಿ ಇದ್ದವರಿಗೆ ಅಪಾಯ ಸ್ವಲ್ಪ ಜಾಸ್ತಿ. ಅದಕ್ಕೆ ನಾವೇನೂ ಮಾಡುವ ಹಾಗಿಲ್ಲ, ಆದರೆ ಒಂದು ಸುಳಿವು ಸಿಗುತ್ತದೆ. ಬೆಳವಣಿಗೆಗೆ ಕಾರಣವಾಗುವ ಐಜಿಎಫ್-1 ಎಂಬ ಹಾರ್ಮೋನಿನ ಮೇಲೆ ಸಂಶೋಧಕರಿಗೆ ಬಹಳ ದಿನದಿಂದ ಅನುಮಾನ ಇದೆ. ರಕ್ತದಲ್ಲಿ ಅದು ಹೆಚ್ಚಿರುವವರಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ ಕೊಂಚ ಹೆಚ್ಚು.

ಹೊಟ್ಟೆಯ ಬೊಜ್ಜು ಸುಮ್ಮನೆ ಕೂತಿರುವುದಿಲ್ಲ. ಅದು ಇನ್ಸುಲಿನ್ ಏರಿಸುತ್ತದೆ, ದೇಹದಲ್ಲಿ ಸಣ್ಣ ಪ್ರಮಾಣದ ಉರಿಯೂತವನ್ನು ಸದಾ ಇಟ್ಟಿರುತ್ತದೆ, ಹಾರ್ಮೋನುಗಳ ಸಮತೋಲನ ಕೆಡಿಸುತ್ತದೆ. ಇನ್ನೊಂದು ಮೋಸವೂ ಇದೆ, ಇದನ್ನು ನನ್ನ ರೋಗಿಗಳಿಗೆ ಒತ್ತಿ ಹೇಳುತ್ತೇನೆ. ದಪ್ಪಗಿರುವವರ ದೇಹದಲ್ಲಿ ರಕ್ತದ ಒಟ್ಟು ಪ್ರಮಾಣ ಜಾಸ್ತಿ. ಗ್ರಂಥಿಯಿಂದ ಬರುವ ಪಿಎಸ್‌ಎ ಅಷ್ಟೇ ಇದ್ದರೂ ಅಷ್ಟು ರಕ್ತದಲ್ಲಿ ಕಲಸಿ ತೆಳುವಾಗುತ್ತದೆ. ರಿಪೋರ್ಟಿನಲ್ಲಿ ಅಂಕಿ ಕಮ್ಮಿ ಕಾಣುತ್ತದೆ. ಸದ್ಯ ಪರವಾಗಿಲ್ಲ ಅಂತ ಮನೆಗೆ ಹೋಗುತ್ತಾರೆ, ಕ್ಯಾನ್ಸರ್ ಇದ್ದರೆ ಅದು ಒಳಗೇ ಬೆಳೆಯುತ್ತಿರುತ್ತದೆ.

ತೂಕ ಇಳಿಸಲು ವಿಶೇಷ ಪಥ್ಯ ಬೇಡ. ತಟ್ಟೆಯಲ್ಲಿ ಅರ್ಧ ಭಾಗ ತರಕಾರಿ ಇರಲಿ. ಕಾಳು, ಬೇಳೆ, ಪಾಲಿಶ್ ಮಾಡದ ಧಾನ್ಯ, ಹಣ್ಣು, ಬೀಜಗಳು ಇರಲಿ. ಕರಿದದ್ದು, ಬೇಕರಿ ತಿಂಡಿ, ಸಿಹಿ ಪಾನೀಯ ಕಮ್ಮಿಯಾಗಲಿ. ರಾತ್ರಿ ಊಟದ ಪ್ರಮಾಣ ಇಳಿಯಲಿ. ಮೊದಲ ಆರು ತಿಂಗಳಲ್ಲಿ ಐದಾರು ಕೆಜಿ ಇಳಿದರೂ ಸಾಕು. ತಿಂಗಳಿಗೆ ಒಂದು ಕೆಜಿ ಅಂದರೆ ಯಾರಿಗಾದರೂ ಆಗುವಂಥದ್ದೇ ಅಲ್ವಾ? ದಿನಾ ಅರ್ಧ ಗಂಟೆ ಚುರುಕಾಗಿ ನಡೆಯಿರಿ, ವಾರದಲ್ಲಿ ಎರಡು ಮೂರು ದಿನ ಏದುಸಿರು ಬರುವಷ್ಟು ಜೋರಾಗಿ. ಇದಕ್ಕೆ ಇನ್ನೊಂದು ಬಲವಾದ ಕಾರಣ ಇದೆ. ಪ್ರಾಸ್ಟೇಟ್ ಕ್ಯಾನ್ಸರ್ ಇರುವ ಎಷ್ಟೋ ಗಂಡಸರು ತೀರಿಕೊಳ್ಳುವುದು ಕ್ಯಾನ್ಸರಿನಿಂದಲ್ಲ, ಹೃದಯದ ಕಾಯಿಲೆಯಿಂದ. ಹೃದಯಕ್ಕೆ ಒಳ್ಳೆಯದಾದ ಊಟ ಇಲ್ಲಿಯೂ ಒಳ್ಳೆಯದು.

ಈಗ ಹಾಲು. ಇದರ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ನೀವು ಓದಿದ್ದು ಪೂರ್ತಿ ಸುಳ್ಳಲ್ಲ. ಹಾಲು ಹೆಚ್ಚು ಕುಡಿಯುವ ಗಂಡಸರಲ್ಲಿ ಈ ಕ್ಯಾನ್ಸರ್ ಕೊಂಚ ಜಾಸ್ತಿ ಅಂತ ಹಲವು ಅಧ್ಯಯನಗಳು ಹೇಳಿವೆ. ಉತ್ತರ ಅಮೆರಿಕದ ಅಡ್ವೆಂಟಿಸ್ಟ್ ಎಂಬ ಕ್ರೈಸ್ತ ಪಂಥದವರಲ್ಲಿ ನಡೆದ ಅಧ್ಯಯನ 2022ರಲ್ಲಿ ಪ್ರಕಟವಾಯಿತು. ಅದು ನನಗೆ ಮುಖ್ಯ ಅನಿಸುತ್ತದೆ, ಯಾಕೆಂದರೆ ಅವರಲ್ಲಿ ಹಾಲೇ ಮುಟ್ಟದವರೂ ಇದ್ದಾರೆ, ಚೆನ್ನಾಗಿ ಕುಡಿಯುವವರೂ ಇದ್ದಾರೆ, ಹೋಲಿಸಲು ಅನುಕೂಲ. ದಿನಕ್ಕೆ ಸುಮಾರು 430 ಗ್ರಾಂ ಹಾಲಿನ ಪದಾರ್ಥ ತೆಗೆದುಕೊಳ್ಳುವವರಲ್ಲಿ, 20 ಗ್ರಾಂ ಮಾತ್ರ ತೆಗೆದುಕೊಳ್ಳುವವರಿಗಿಂತ ಅಪಾಯ ಕಾಲು ಭಾಗದಷ್ಟು ಜಾಸ್ತಿ ಇತ್ತು. ಹಾಲಿನ ಕ್ಯಾಲ್ಸಿಯಂ ಇದಕ್ಕೆ ಕಾರಣವಿರಬಹುದು ಅಂತ ಮೊದಲೆಲ್ಲ ಹೇಳುತ್ತಿದ್ದರು. ಆದರೆ ಇಲ್ಲಿ ಬೀಜ, ಸೊಪ್ಪು, ಕಾಳುಗಳಿಂದ ಬಂದ ಕ್ಯಾಲ್ಸಿಯಂಗೆ ಅಂಥ ಸಂಬಂಧ ಕಾಣಲಿಲ್ಲ. ಹಾಗಾಗಿ ಹಾಲಿನಲ್ಲೇ ಇರುವ ಬೇರೇನೋ, ಬಹುಶಃ ಐಜಿಎಫ್-1 ಏರಿಸುವ ಗುಣ, ಕಾರಣವಿರಬಹುದು ಅನ್ನುವ ಯೋಚನೆ ಬಲವಾಗಿದೆ.

ಇದರಿಂದ ಹಾಲು ಪೂರ್ತಿ ಬಿಡಬೇಕು ಅಂತ ಆಗುತ್ತದಾ? ನನ್ನ ಅಭಿಪ್ರಾಯದಲ್ಲಿ ಇಲ್ಲ. ವರ್ಲ್ಡ್ ಕ್ಯಾನ್ಸರ್ ರಿಸರ್ಚ್ ಫಂಡ್ ಈ ಸಾಕ್ಷಿಯನ್ನು ಸೀಮಿತ ಅಂತಲೇ ಕರೆದಿದೆ. ಅದೇ ಸಂಸ್ಥೆ, ಹಾಲಿನ ಪದಾರ್ಥಗಳು ದೊಡ್ಡ ಕರುಳಿನ ಕ್ಯಾನ್ಸರಿನ ಅಪಾಯವನ್ನು ಕಮ್ಮಿ ಮಾಡುತ್ತವೆ ಅನ್ನುವುದಕ್ಕೆ ಇದಕ್ಕಿಂತ ಗಟ್ಟಿ ಸಾಕ್ಷಿ ಇದೆ ಅಂತಲೂ ಹೇಳಿದೆ. ಒಂದು ಕ್ಯಾನ್ಸರಿಗೆ ಹೆದರಿ ಬಿಟ್ಟದ್ದು ಇನ್ನೊಂದಕ್ಕೆ ಕಾವಲಾಗಿರಬಹುದು. ನೀವು ದಿನಕ್ಕೆ ಒಂದು ಲೋಟ ಹಾಲು, ಊಟಕ್ಕೆ ಒಂದು ಬಟ್ಟಲು ಮೊಸರು ತೆಗೆದುಕೊಂಡರೆ ನನಗೆ ಏನೂ ಆತಂಕವಿಲ್ಲ. ಲೀಟರುಗಟ್ಟಲೆ ಕುಡಿಯುವುದು, ಅದರ ಮೇಲೆ ಹಾಲಿನ ಪ್ರೋಟೀನ್ ಪುಡಿ ಕಲಸುವುದು, ಡಾಕ್ಟರ್ ಹೇಳದೆ ಕ್ಯಾಲ್ಸಿಯಂ ಮಾತ್ರೆ ನುಂಗುವುದು, ಇವು ಬೇಡ. ಹಾಲು ನಿಮಗೆ ಇಷ್ಟವೇ ಇಲ್ಲ ಅಂದರೆ ಬಿಡಿ, ಆದರೆ ಕ್ಯಾಲ್ಸಿಯಂ ಬೇರೆ ಕಡೆಯಿಂದ ಬರುವ ಹಾಗೆ ನೋಡಿಕೊಳ್ಳಿ.

ಟೊಮೆಟೊ ವಿಷಯ. ಟೊಮೆಟೊಗೆ ಕೆಂಪು ಬಣ್ಣ ಕೊಡುವ ಲೈಕೋಪಿನ್ ಪ್ರಾಸ್ಟೇಟ್ ಗ್ರಂಥಿಯಲ್ಲೂ ಸೇರಿಕೊಳ್ಳುತ್ತದೆ. 1995ರಲ್ಲಿ ಅಮೆರಿಕದ ಆರೋಗ್ಯ ವೃತ್ತಿಯವರ ಮೇಲಿನ ಅಧ್ಯಯನದಲ್ಲಿ ಟೊಮೆಟೊ ಚೆನ್ನಾಗಿ ತಿನ್ನುವವರಿಗೆ ಅಪಾಯ ಕಮ್ಮಿ ಕಂಡಾಗಿನಿಂದ ಇದರ ಹೆಸರು ಎಲ್ಲ ಕಡೆ ಹಬ್ಬಿತು. ವರ್ಲ್ಡ್ ಕ್ಯಾನ್ಸರ್ ರಿಸರ್ಚ್ ಫಂಡಿನ 2007ರ ವರದಿಯಲ್ಲಿ ಲೈಕೋಪಿನ್ ಇರುವ ಆಹಾರ ಬಹುಶಃ ರಕ್ಷಿಸುತ್ತದೆ ಅಂತಲೇ ಬರೆದಿದ್ದರು. 2014ಕ್ಕೆ ಹೊಸ ಅಧ್ಯಯನಗಳನ್ನು ಸೇರಿಸಿ ನೋಡಿದಾಗ ಆ ಮಾತು ನಿಲ್ಲಲಿಲ್ಲ, ಹಿಂತೆಗೆದುಕೊಂಡರು. ಟೊಮೆಟೊ ಒಳ್ಳೆಯ ತರಕಾರಿ, ತಿನ್ನಿ. ಸ್ವಲ್ಪ ಎಣ್ಣೆ ಹಾಕಿ ಬೇಯಿಸಿದರೆ ಲೈಕೋಪಿನ್ ಹಸಿಯದಕ್ಕಿಂತ ಚೆನ್ನಾಗಿ ದೇಹಕ್ಕೆ ಸೇರುತ್ತದೆ, ಹಾಗಾಗಿ ಜ್ಯೂಸಿಗಿಂತ ಅಡುಗೆಯಲ್ಲೇ ಇರಲಿ. ಪ್ಯಾಕೆಟ್ ಜ್ಯೂಸಿನಲ್ಲಿ ಉಪ್ಪು ಎಷ್ಟಿದೆ ಅಂತ ಓದಿ ನೋಡಿ. ಲೈಕೋಪಿನ್ ಮಾತ್ರೆಗೆ ದುಡ್ಡು ಹಾಕಬೇಡಿ.

ಸಕ್ಕರೆ ಬಗ್ಗೆ ಒಂದು ಮಾತು. 'ಕ್ಯಾನ್ಸರಿಗೆ ಸಕ್ಕರೆಯೇ ಊಟ, ಸಕ್ಕರೆ ನಿಲ್ಲಿಸಿದರೆ ಅದು ಹಸಿದು ಸಾಯುತ್ತದೆ' ಅಂತ ತುಂಬಾ ಜನ ಹೇಳುತ್ತಾರೆ. ಬೇರೆ ಹಲವು ಕ್ಯಾನ್ಸರ್‌ಗಳನ್ನು ಹುಡುಕಲು ಮಾಡುವ ಪೆಟ್ ಸ್ಕ್ಯಾನ್‌ನಲ್ಲಿ ಗ್ಲೂಕೋಸಿನಂಥ ವಸ್ತುವನ್ನು ರಕ್ತಕ್ಕೆ ಬಿಡುತ್ತಾರೆ. ಕ್ಯಾನ್ಸರ್ ಅದನ್ನು ಎಳೆದುಕೊಂಡು ಹೊಳೆಯುತ್ತದೆ. ಆದರೆ ಪ್ರಾಸ್ಟೇಟ್ ಕ್ಯಾನ್ಸರ್ ಮೊದಲ ಹಂತದಲ್ಲಿ ಗ್ಲೂಕೋಸನ್ನು ಅಷ್ಟಾಗಿ ಎಳೆದುಕೊಳ್ಳುವುದೇ ಇಲ್ಲ. ಅದಕ್ಕೇ ಇದಕ್ಕೆ ಪಿಎಸ್‌ಎಂಎ ಅಂತ ಬೇರೆ ಜಾತಿಯ ಸ್ಕ್ಯಾನ್ ಮಾಡಬೇಕಾಗುತ್ತದೆ. ಸಕ್ಕರೆ ಕಮ್ಮಿ ಮಾಡಿದ್ದು ನಿಮ್ಮ ತೂಕಕ್ಕೆ ಒಳ್ಳೆಯದು, ಮುಂದುವರಿಸಿ. ಅಪ್ಪ ಆಸೆಪಟ್ಟು ಒಂದು ತುಂಡು ಸಿಹಿ ತಿಂದರೆ ಕ್ಯಾನ್ಸರಿಗೆ ಊಟ ಹಾಕಿದ ಹಾಗೆ ಅಂತ ಮನೆಯಲ್ಲಿ ಯಾರೂ ಅನ್ನಬೇಡಿ. ಅವರಿಗೆ ಶುಗರ್ ಇದ್ದರೆ ಮಾತ್ರ ಅದರ ಲೆಕ್ಕ ಬೇರೆ.

ಉಳಿದವುಗಳ ಬಗ್ಗೆ ಬೇಗ ಹೇಳುತ್ತೇನೆ. ಸಂಸ್ಕರಿಸಿದ ಮಾಂಸ, ಅಂದರೆ ಸಾಸೇಜ್, ಬೇಕನ್ ಥರದ್ದು, ಕರುಳಿನ ಕ್ಯಾನ್ಸರಿಗೆ ಕಾರಣ ಅಂತ 2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ ಖಚಿತವಾಗಿ ಹೇಳಿದೆ. ಪ್ರಾಸ್ಟೇಟ್‌ಗೆ ಸಾಕ್ಷಿ ಅಷ್ಟು ಬಲವಿಲ್ಲ, ಆದರೂ ಕಮ್ಮಿ ಮಾಡಲು ಮೊದಲ ಕಾರಣವೇ ಸಾಕು. ಮಾಂಸ ತಿನ್ನುವವರಾದರೆ ಬೆಂಕಿಯ ಮೇಲೆ ಕಪ್ಪಗೆ ಸುಡಬೇಡಿ, ಬೇಯಿಸಿ ತಿನ್ನಿ. ಮೀನು ಒಳ್ಳೆಯದು. ಮೀನಿನ ಎಣ್ಣೆಯ ಮಾತ್ರೆ ಮತ್ತು ವಿಟಮಿನ್ ಡಿ ಮಾತ್ರೆಯನ್ನು ಸುಮಾರು 26 ಸಾವಿರ ಜನರಲ್ಲಿ ಪರೀಕ್ಷಿಸಿದ ವೈಟಲ್ ಎಂಬ ಪ್ರಯೋಗದಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ ಕಮ್ಮಿಯಾಗಲಿಲ್ಲ. ಸೋಯಾ ತಿಂದರೆ ಗಂಡಸುತನ ಕುಗ್ಗುತ್ತದೆ ಅನ್ನುವ ಹೆದರಿಕೆಗೆ ಆಧಾರವಿಲ್ಲ, ಅದು ಗಂಡಸಿನ ಹಾರ್ಮೋನಾದ ಟೆಸ್ಟೋಸ್ಟಿರಾನ್ ಇಳಿಸುವುದಿಲ್ಲ. ಹಾಗಂತ ಆಪರೇಷನ್ ಆದವರಿಗೆ ಎರಡು ವರ್ಷ ಸೋಯಾ ಪ್ರೋಟೀನ್ ಕೊಟ್ಟು ನೋಡಿದ ಪ್ರಯೋಗದಲ್ಲಿ ಕ್ಯಾನ್ಸರ್ ಮರಳುವುದೂ ಕಮ್ಮಿಯಾಗಲಿಲ್ಲ. ಕಾಫಿ ಕುಡಿಯಿರಿ, ಅದರಿಂದ ತೊಂದರೆ ಕಂಡಿಲ್ಲ. ಗ್ರೀನ್ ಟೀ ಕುಡಿದರೆ ಪರವಾಗಿಲ್ಲ, ಅದರ ಸಾರದ ಮಾತ್ರೆ ಮಾತ್ರ ಬೇಡ, ಪ್ರಮಾಣ ಜಾಸ್ತಿಯಾದರೆ ಲಿವರ್ ಕೆಡುತ್ತದೆ. ಸಿಗರೇಟು ಇದ್ದರೆ ಬಿಡಿ. ಸೇದುವವರಿಗೆ ಈ ಕ್ಯಾನ್ಸರ್ ಬಂದರೆ ಅದರಿಂದ ಸಾಯುವ ಸಾಧ್ಯತೆ ಜಾಸ್ತಿ.

ತರಕಾರಿಗೂ ಒಂದು ಮಿತಿ ಇದೆ, ಅದನ್ನು ಮುಚ್ಚಿಡುವುದು ಸರಿಯಲ್ಲ. ಸಣ್ಣ ಕ್ಯಾನ್ಸರ್ ಇದ್ದು, ಚಿಕಿತ್ಸೆ ಇಲ್ಲದೆ ಗಮನಿಸುತ್ತಾ ಇದ್ದ 478 ಗಂಡಸರ ಮೇಲೆ ನಡೆದ ಪ್ರಯೋಗದ ಫಲಿತಾಂಶ 2020ರಲ್ಲಿ ಬಂತು. ಅರ್ಧ ಜನರಿಗೆ ಫೋನ್ ಮೂಲಕ ಸಲಹೆ ಕೊಟ್ಟು ದಿನಕ್ಕೆ ಏಳು ಪಾಲಿನಷ್ಟು ತರಕಾರಿ ತಿನ್ನಲು ಹೇಳಿದರು. ಅವರು ನಿಜವಾಗಿಯೂ ಜಾಸ್ತಿ ತಿಂದರು. ಆದರೂ ಎರಡು ವರ್ಷದಲ್ಲಿ ಕ್ಯಾನ್ಸರ್ ಮುಂದುವರಿದ ಪ್ರಮಾಣ ಎರಡೂ ಗುಂಪಿನಲ್ಲಿ ಒಂದೇ ಆಗಿತ್ತು. ಒಮ್ಮೆ ಬಂದ ಕ್ಯಾನ್ಸರಿಗೆ ತರಕಾರಿ ಔಷಧಿಯಾಗುವುದಿಲ್ಲ. ಯಾರಾದರೂ ನಿಮ್ಮಪ್ಪನಿಗೆ ಇಂಜೆಕ್ಷನ್ ಬಿಡಿಸಿ ಪಥ್ಯ, ಜ್ಯೂಸ್ ಅಂತ ಹೇಳಿದರೆ ದಯವಿಟ್ಟು ಕೇಳಬೇಡಿ.

ಇಷ್ಟೆಲ್ಲ ಊಟದ ಮಾತಾಯಿತು. ನಿಮ್ಮ ಪತ್ರದಲ್ಲಿ ಇಲ್ಲದ, ಆದರೆ ನಾನು ಹುಡುಕಿದ ಒಂದು ಪದ ಇತ್ತು: ಪಿಎಸ್‌ಎ. ಉತ್ತರ ಯುರೋಪಿನ ದೇಶಗಳ ಅವಳಿಗಳ ಮೇಲೆ ನಡೆದ ದೊಡ್ಡ ಅಧ್ಯಯನದ ಪ್ರಕಾರ ಈ ಕ್ಯಾನ್ಸರಿನಲ್ಲಿ ವಂಶದ ಪಾಲು ಅರ್ಧಕ್ಕಿಂತ ಹೆಚ್ಚು, ಸುಮಾರು 57 ಶೇಕಡಾ. ಅಪ್ಪನಿಗೆ ಇದ್ದರೆ ಮಗನಿಗೆ ಅಪಾಯ ಸುಮಾರು ಎರಡು ಪಟ್ಟು. ಅಪ್ಪನಿಗೆ 74ರಲ್ಲಿ ಗೊತ್ತಾಗಿದೆ ಅನ್ನುವುದು ಸ್ವಲ್ಪ ಸಮಾಧಾನದ ವಿಷಯ, ಚಿಕ್ಕ ವಯಸ್ಸಿನಲ್ಲಿ ಬಂದಿದ್ದರೆ ಚಿಂತೆ ಇನ್ನೂ ಜಾಸ್ತಿ ಇರುತ್ತಿತ್ತು. ಸಾಮಾನ್ಯವಾಗಿ ಪರೀಕ್ಷೆಯ ಮಾತು 50ರ ಹೊತ್ತಿಗೆ ಶುರುವಾಗುತ್ತದೆ, ಕುಟುಂಬದಲ್ಲಿ ಇದ್ದವರಿಗೆ 45ಕ್ಕೇ. ನಿಮಗೆ ಈಗ 49. ಈ ತಿಂಗಳೇ ಒಬ್ಬ ಯೂರಾಲಜಿಸ್ಟ್ ಹತ್ತಿರ ಕೂತು ಮಾತಾಡಿ. ಪರೀಕ್ಷೆಗೂ ತೊಡಕುಗಳಿವೆ. ನಿರುಪದ್ರವಿ ಕ್ಯಾನ್ಸರ್ ಸಿಕ್ಕಿ ಬೇಡದ ಚಿಕಿತ್ಸೆ ಆಗುವ ಸಾಧ್ಯತೆ ಇದೆ, ಅದನ್ನೂ ಕೇಳಿ ತಿಳಿದುಕೊಳ್ಳಿ. ನಿಮ್ಮ ಅಮ್ಮನ ಕಡೆ, ಅಪ್ಪನ ಕಡೆ ಯಾರಿಗಾದರೂ ಸ್ತನ ಅಥವಾ ಅಂಡಾಶಯದ ಕ್ಯಾನ್ಸರ್ ಆಗಿತ್ತಾ ಅಂತ ಕೇಳಿಕೊಂಡು ಹೋಗಿ. ಬಿಆರ್‌ಸಿಎ2 ಎಂಬ ಜೀನಿನ ದೋಷ ಈ ಮೂರೂ ಕ್ಯಾನ್ಸರ್‌ಗಳ ಹಿಂದೆ ಇರಬಹುದು. ರಕ್ತ ಕೊಡುವ ಮೊದಲಿನ ಎರಡು ದಿನ ಸಂಭೋಗ ಮತ್ತು ದೂರದ ಸೈಕಲ್ ಸವಾರಿ ಬೇಡ, ಮೂತ್ರದ ಸೋಂಕಿದ್ದರೆ ಮೊದಲು ಅದು ವಾಸಿಯಾಗಲಿ, ಇಲ್ಲವಾದರೆ ಪಿಎಸ್‌ಎ ಸುಳ್ಳಾಗಿ ಏರುತ್ತದೆ. ಕೂದಲು ಉದುರದಿರಲಿ ಅಂತ ಫಿನಾಸ್ಟರೈಡ್ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಅದನ್ನು ಡಾಕ್ಟರಿಗೆ ಹೇಳಲೇಬೇಕು. ಅದು ಪಿಎಸ್‌ಎ ಅಂಕಿಯನ್ನು ಅರ್ಧಕ್ಕೆ ಇಳಿಸುತ್ತದೆ.

ಕೊನೆಗೆ ಅಪ್ಪ. ನಿಮ್ಮ ಪತ್ರ ಓದುವಾಗ ನನ್ನ ಮನಸ್ಸು ನಿಂತದ್ದು ಅಲ್ಲೇ. ಅವರು ತೆಗೆದುಕೊಳ್ಳುತ್ತಿರುವ ಹಾರ್ಮೋನ್ ಇಂಜೆಕ್ಷನ್ ಟೆಸ್ಟೋಸ್ಟಿರಾನನ್ನು ಪೂರ್ತಿ ಇಳಿಸುತ್ತದೆ. ಕ್ಯಾನ್ಸರನ್ನು ಹತೋಟಿಯಲ್ಲಿಡಲು ಹಾಗೆ ಇಳಿಸುವುದೇ ಬೇಕು. ಆದರೆ ಗಂಡಸಿನ ಮೂಳೆ ಗಟ್ಟಿ ಇರುವುದಕ್ಕೂ ಆ ಹಾರ್ಮೋನ್ ಬೇಕು. ಅದು ಹೋದ ಮೇಲೆ ಮೂಳೆ ಸವೆಯುತ್ತದೆ, ಮಾಂಸಖಂಡ ಕರಗುತ್ತದೆ, ಹೊಟ್ಟೆಯಲ್ಲಿ ಕೊಬ್ಬು ಸೇರುತ್ತದೆ, ಶುಗರ್ ಏರುತ್ತದೆ. 76ರ ವಯಸ್ಸಿನಲ್ಲಿ ಬಚ್ಚಲಲ್ಲಿ ಒಮ್ಮೆ ಜಾರಿದರೆ ಸೊಂಟದ ಮೂಳೆ ಮುರಿಯಬಹುದು. ಒಬ್ಬ ಹಿರಿಯರು ನನ್ನ ಹತ್ತಿರ ಹಾಗೇ ಬಂದಿದ್ದರು. ಕ್ಯಾನ್ಸರ್ ಪೂರ್ತಿ ಹತೋಟಿಯಲ್ಲಿತ್ತು, ಪಿಎಸ್‌ಎ ಸೊನ್ನೆಯ ಹತ್ತಿರ. ಮಗಳು ಹೇಳಿದರು, ಒಂದು ವರ್ಷದಿಂದ ಹಾಲು ಮೊಸರು ಏನೂ ಕೊಟ್ಟಿಲ್ಲ ಡಾಕ್ಟ್ರೇ, ಅಷ್ಟು ಕಟ್ಟುನಿಟ್ಟಾಗಿ ನೋಡಿಕೊಂಡಿದ್ದೇವೆ ಅಂತ. ಪ್ರೀತಿಯಿಂದಲೇ ಮಾಡಿದ್ದು. ನನಗೆ ತಕ್ಷಣ ಏನು ಹೇಳಬೇಕು ಅಂತ ತೋಚಲಿಲ್ಲ.

ಈ ಇಂಜೆಕ್ಷನ್ ತೆಗೆದುಕೊಳ್ಳುವವರಿಗೆ ದಿನಕ್ಕೆ 1,000ದಿಂದ 1,200 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು, ಆದಷ್ಟು ಊಟದಿಂದಲೇ. ವಿಟಮಿನ್ ಡಿ ಕೊರತೆ ಇದೆಯಾ ಅಂತ ರಕ್ತ ಪರೀಕ್ಷೆ ಮಾಡಿಸಿ, ಇದ್ದರೆ ಡಾಕ್ಟರ್ ಮಾತ್ರೆ ಬರೆಯುತ್ತಾರೆ. ಮೂಳೆಯ ಸಾಂದ್ರತೆ ನೋಡುವ ಡೆಕ್ಸಾ ಸ್ಕ್ಯಾನ್ ಆಗಿದೆಯಾ ಅಂತ ಅವರ ಡಾಕ್ಟರನ್ನು ಕೇಳಿ, ಆಗಿಲ್ಲದಿದ್ದರೆ ಮಾಡಿಸಿ. ದಿನಾ ನಡೆಸಿ, ಕುರ್ಚಿಯಿಂದ ಕೈ ಊರದೆ ಹತ್ತು ಸಲ ಎದ್ದು ಕೂರುವಂಥ ಸಣ್ಣ ವ್ಯಾಯಾಮ ಮಾಡಿಸಿ. ಊಟದಲ್ಲಿ ಪ್ರೋಟೀನ್ ಸಾಕಷ್ಟು ಇರಲಿ. ಮತ್ತೆ ಇವತ್ತು ರಾತ್ರಿಯ ಊಟಕ್ಕೆ ಅವರ ತಟ್ಟೆಯಲ್ಲಿ ಮೊದಲಿನ ಹಾಗೆ ಮೊಸರು ಬಡಿಸಿ, ಮಲಗುವ ಮುಂಚೆ ಒಂದು ಲೋಟ ಹಾಲು ಕೊಡಿ.